ಹನಿ ಹಾಕುವ ಕೈ

ಪಕ್ಕದಲ್ಲಿ ಕೂತ ಹೆಂಗಸು ಮೂರನೆಯ ಸಲ ಸೀನಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಕಡೆ ಸರಿದಾಗ, ಮಂಗಳವ್ವ ತನ್ನ ಎರಡೂ ಕೈಗಳನ್ನು ಕೂಸಿನ ಕುಂಚಿಗೆಯ ಕೆಳಗೆ ಅಡಗಿಸಿಕೊಂಡಳು. ಅಡಗಿಸಿದ ಮೇಲೆ ಅಲ್ಲಿ ಕೂಸಿನ ಬರಿಯ ಪಾದಗಳಿವೆ ಎಂಬುದು ನೆನಪಾಗಿ ತಟ್ಟನೆ ಹೊರಗೆ ತೆಗೆದಳು. ಎಲ್ಲಿ ಇಡುವುದೆಂದು ತಿಳಿಯದೆ ಮುಂದಿನ ಸೀಟಿನ ಸರಳನ್ನು ಹಿಡಿದಳು. "ಮೆಣಸಿನಕಾಯಿ ಕೆಲಸದಾಕೇನವಾ?" ಎಂದು ಆ ಹೆಂಗಸು ಸೆರಗಿನೊಳಗಿಂದಲೇ ಕೇಳಿದಳು. "ಹೂಂರಿ. ಮುಂಜಾನೆ ನಿನ್ನಿ ಉಳಿದ ಗುಂಪಿ ಮುಗಿಸಿ ಬಂದೇನಿ. ಕೈ ತೊಳಕೊಂಡೇನ್ರಿ, ಮೂರು ಸಲ." "ತೊಳಕೊಂಡ್ರ ಹೋಗೂ ಘಾಟೇನ ಅದು? ಕೂಸಿನ್ನರ ದೂರ ಹಿಡೀಬೇಕಿಲ್ಲ?" ದೂರ ಎಂದರೆ ಎಷ್ಟು ದೂರ. ಬ್ಯಾಡಗಿಯಿಂದ ಹೊರಟ ಬಸ್ಸು ಪೇಟೆಯ ದಿನದ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ರಸ್ತೆಯ ಎರಡೂ ಬದಿಯ ಅಂಗಳಗಳಲ್ಲಿ ಕೆಂಪು ಹರವಿಕೊಂಡು ಬಿದ್ದಿತ್ತು. ಮಡಿಲಲ್ಲಿ ಶ್ರೀದೇವಿ, ಮಗಳ ಮಗಳು, ಎಂಟು ತಿಂಗಳು ತುಂಬಿದರೂ ನಾಲ್ಕು ತಿಂಗಳ ಕೂಸಿನಷ್ಟೇ ಇದ್ದವಳು, ಬಾಯಿ ಅರೆತೆರೆದು ಲಗುಲಗು ಉಸಿರಾಡುತ್ತಿದ್ದಳು. ಎದೆಗೂಡಿನ ಕೆಳಗೆ ಉಸಿರಿಗೊಮ್ಮೆ ಒಂದು ಗುಳಿ ಬೀಳುತ್ತಿತ್ತು. ಆ ಗುಳಿಯನ್ನು ಇವತ್ತು ಡಾಕ್ಟರು ನೋಡುತ್ತಾರೆ. ನೋಡಿ ಕೇಳುತ್ತಾರೆ. ಏನು ಕೇಳುತ್ತಾರೆಂಬುದು ಮಂಗಳವ್ವನಿಗೆ ಗೊತ್ತಿತ್ತು. ಹೇಳಬೇಕಾದದ್ದೂ ಗೊತ್ತಿತ್ತು. ಅದನ್ನು ಮೋಟೆಬೆನ್ನೂರಿನವರೆಗೆ ಒಂದು ಸಲ, ಹೆದ್ದಾರಿ ಹಿಡಿದ ಮೇಲೆ ಮತ್ತೊಂದು ಸಲ ಮನಸ್ಸಿನಲ್ಲೇ ಹೇಳಿ ನೋಡಿದಳು: ಸಾಹೇಬ್ರ, ನಾ ಹನಿ ಹಾಕಿಲ್ಲರಿ.

ಮೂರು ತಿಂಗಳ ಹಿಂದೆ, ಕೂಸಿಗೆ ಝಟಕಾ ಬಂದು ಕಣ್ಣು ಮೇಲೆ ಸಿಕ್ಕಿಕೊಂಡಾಗ, ಇದೇ ಹಾದಿಯಲ್ಲಿ ಒಂದು ಟಂಟಂ ಗಾಡಿಯಲ್ಲಿ ಅವಳೂ ಮಗಳು ನೀಲಾಳೂ ಹಾವೇರಿಗೆ ಬಂದಿದ್ದರು. ಆಗ ವಿಜಯಮಹಾಂತೇಶ ಡಾಕ್ಟರು ಎಕ್ಸರೆಯನ್ನು ದೀಪಕ್ಕೆ ಹಿಡಿದು ತೋರಿಸಿದ್ದರು. ಎದೆಯ ಮುಕ್ಕಾಲು ಭಾಗ ಬೆಳ್ಳಗಿತ್ತು. ಅದೆಲ್ಲ ಹೃದಯವೇ ಎಂದರು. "ಡಿ ವಿಟಮಿನ್ ಅಂತ ಇರ್ತದ. ಬಿಸಿಲಿನಿಂದ ಆಗೂದು. ಅದು ತಳಕ್ಕ ಹೋದ್ರ ಎಲುಬಷ್ಟ ಅಲ್ಲ, ಹಾರ್ಟಿನ ಸ್ನಾಯುನೂ ಜೋಲು ಬೀಳ್ತಾವು. ಬಲೂನಿನಂಗ ಉಬ್ಬೇತಿ ನೋಡ್ರಿಲ್ಲೆ, ಒತ್ತಾಕ ಶಕ್ತಿ ಇಲ್ಲ ಅದಕ್ಕ." ಆಮೇಲೆ, ನೀಲಾಳ ಮುಖ ನೋಡಿಯೋ ಏನೋ, ದನಿ ಇಳಿಸಿ ಹೇಳಿದ್ದರು: "ಆದ್ರ ಹಾರ್ಟಿನ ರೋಗದಾಗ ಇದೊಂದ ವಾಪಸ್ ಬರೂದು. ದಿನಾ ಹನಿ ಹಾಕ್ರಿ, ಒಂದು ದಿನ ತಪ್ಪಸಬ್ಯಾಡ್ರಿ. ಮೂರು ತಿಂಗಳದಾಗ ಗೊತ್ತಾಗ್ತದ. ಹನಿ ಹಾಕಿಯೂ ಸುಧಾರಿಸಲಿಲ್ಲ ಅಂದ್ರ ಸ್ನಾಯುನ ಹುಟ್ಟಾ ಕೆಟ್ಟಾವು ಅಂತ ಅರ್ಥ. ಆಗ ನನ್ನ ಕೈಯಾಗ ಏನಿಲ್ಲ." ನೀಲಾ ಆ ಸಣ್ಣ ಬಾಟಲಿಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡಿದ್ದಳು. ಅಷ್ಟರಲ್ಲೇ ಮುಗಿದಿದ್ದರೆ ಒಳ್ಳೆಯದಿತ್ತು. ಬಾಗಿಲವರೆಗೆ ಹೋದವರನ್ನು ಡಾಕ್ಟರು ಮತ್ತೆ ಕರೆದು, ಹೊರಗಿನ ಬೆಂಚಿನವರಿಗೂ ಕೇಳುವಂತೆ, "ಅಲ್ಲಮ್ಮಾ, ಸುಡುಗಾಡು ಬಿಸಿಲಿನ ಊರಾಗ ಇದ್ದು ಕೂಸಿಗೆ ಬಿಸಿಲು ತೋರಿಸಾಕ ಏನಾಗಿತ್ತು ನಿಮಗ? ಅದಕ್ಕೇನು ರೊಕ್ಕ ಕೊಡಬೇಕಾಗಿತ್ತೇನು?" ಎಂದಿದ್ದರು. ಬೆಂಚಿನ ಮೇಲಿನ ಒಬ್ಬ ಗಂಡಸು ನಕ್ಕಿದ್ದ. ಆ ನಗು ಮಂಗಳವ್ವನ ಕಿವಿಯಲ್ಲಿ ಇನ್ನೂ ಇತ್ತು. ಕೂಸಿನ ಎಕ್ಸರೆಗಿಂತ ಆ ನಗುವೇ ಹೆಚ್ಚು ಸ್ಪಷ್ಟವಾಗಿ ನೆನಪಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಬಿಸಿಲು. ಬ್ಯಾಡಗಿಯಲ್ಲಿ ಬಿಸಿಲಿಗೆ ಏನು ಕಡಿಮೆ! ಮೆಣಸಿನಕಾಯಿ ಮಾಲಿಗೆ ಬಿಸಿಲು ತೋರಿಸಲು ಆಳುಗಳಿದ್ದಾರೆ, ತಾಸಿಗೊಮ್ಮೆ ಮಗ್ಗಲು ಮಗುಚಲು ಆಳುಗಳಿದ್ದಾರೆ, ಮೋಡ ಬಂದರೆ ಓಡಿಹೋಗಿ ತಾಡಪತ್ರಿ ಹೊದಿಸಲು ಆಳುಗಳಿದ್ದಾರೆ. ಒಣಗಿದ್ದು ಸಾಕಾದ ಮೇಲೆ ಬಣ್ಣ ಬಿಡಬಾರದೆಂದು ತಣ್ಣನೆಯ ಗೋದಾಮಿನ ಕತ್ತಲೆಯಲ್ಲಿ ಮಲಗಿಸುತ್ತಾರೆ. ಮಂಗಳವ್ವ ಹನ್ನೊಂದನೆಯ ವರ್ಷಕ್ಕೆ ಶೆಡ್ಡು ಹೊಕ್ಕವಳು. ಮೂವತ್ತೇಳು ವರ್ಷ ತಗಡಿನ ಕೆಳಗೆ, ಘಾಟು ಪಕ್ಕದ ಓಣಿಗೆ ಹೋಗಬಾರದೆಂದು ಕಿಟಕಿಗೆ ಗೋಣಿತಟ್ಟು ಹೊಡೆದ ಗೋಡೆಗಳ ನಡುವೆ, ಬೆಳಗಿನಿಂದ ಸಂಜೆಯವರೆಗೆ ತೊಟ್ಟು ಬಿಡಿಸಿದವಳು. ಮೂಗಿಗೆ ಅರಿವೆ, ತಲೆಗೆ ಅರಿವೆ, ತೋಳಿಗೆ ಗಂಡಸರ ಹಳೆಯ ಅಂಗಿ. ನೀಲಾಳನ್ನು ಹೊತ್ತಾಗಲೂ ಅಲ್ಲೇ. ನೀಲಾ ಈ ಕೂಸನ್ನು ಹೊತ್ತು ತವರಿಗೆ ಬಂದಾಗ ಅವಳೂ ಅಲ್ಲೇ, ದಿನ ತುಂಬುವತನಕ. ಡಾಕ್ಟರು ನೀಲಾಳ ರಕ್ತವನ್ನೂ ತೆಗೆದು ನೋಡಿ, "ತಾಯೀದ ಇಲ್ಲ, ಕೂಸಿಗೆ ಎಲ್ಲಿಂದ ಬರ್ತದ?" ಎಂದಿದ್ದರು. ಯಾರಲ್ಲಿ ಇಲ್ಲದ್ದು ಯಾರಿಗೆ ಎಲ್ಲಿಂದ ಬರಬೇಕು. ಇಪ್ಪತ್ತು ವರ್ಷದಿಂದ ಮಂಗಳವ್ವನ ಸೊಂಟದ ಎಲುಬು ಕುಟ್ಟುತ್ತಿತ್ತು. ಅದು ಕೂತು ಕೂತು ಎಂದು ಶೆಡ್ಡಿನ ಎಲ್ಲ ಹೆಂಗಸರೂ ತಿಳಿದಿದ್ದರು. ಕೂಸು ಹುಟ್ಟಿದಾಗ ಮಾತ್ರ ಅವಳಿಗೆ ಒಂದು ಹಮ್ಮು ಬಂದಿತ್ತು. ಕೂಸು ಕೆಂಪಗೆ ಬೆಳ್ಳಗೆ ಇತ್ತು. ಬಾಣಂತಿಯ ಕೋಣೆಗೆ ಗಾಳಿ ಬರಬಾರದೆಂದು ಎಲ್ಲರೂ ಕಿಟಕಿ ಮುಚ್ಚುತ್ತಾರೆ. ಘಾಟು ಬರಬಾರದೆಂದು ಅವಳು ಸಂದಿಗೂ ಅರಿವೆ ತುರುಕಿದಳು. ನೋಡಲು ಬಂದ ಶೆಡ್ಡಿನ ಗೆಳತಿಯರು "ಇದನ್ನ ಬಿಸಿಲಿಗೆ ಒಯ್ಯಬ್ಯಾಡ ಮಂಗಳೀ, ಬಣ್ಣ ಹೋಗ್ತದ" ಎಂದಾಗ ಅವಳಿಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಬಿಸಿಲಿಗೆ ಬಣ್ಣ ಹೋಗುವುದನ್ನು ಅವಳಷ್ಟು ಯಾರು ಕಂಡಿದ್ದಾರೆ? ಐದು ತಿಂಗಳು ಕೂಸು ಹೊಸ್ತಿಲು ದಾಟಲಿಲ್ಲ. ಒಳ್ಳೆಯ ಮಾಲನ್ನು ಹೇಗೆ ಇಡಬೇಕೋ ಹಾಗೆ ಇಟ್ಟಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಬಿಸಿಲನ್ನು ಹುಡುಕಿಕೊಂಡು ಹೋದದ್ದೂ ಇತ್ತು. ಮನೆಯ ಓಣಿಗೆ ಗೋದಾಮಿನ ಎತ್ತರದ ಗೋಡೆಯ ನೆರಳು. ಬಿಸಿಲು ಅಲ್ಲಿಗೆ ಇಳಿಯುವ ಹೊತ್ತಿಗೆ ಮಂಗಳವ್ವ ಶೆಡ್ಡಿನಲ್ಲಿರುತ್ತಿದ್ದಳು. ಕೂಸು ಎದುರು ಮನೆಯ ಮುದುಕಿ ಹೊಳಿಯವ್ವನ ಒಳಗೋಣೆಯಲ್ಲಿರುತ್ತಿತ್ತು. ಒಂದು ಮುಂಜಾನೆ, ಕೆಲಸಕ್ಕೆ ಹೋಗುವ ಮೊದಲು, ಕೂಸನ್ನು ಎತ್ತಿಕೊಂಡು ಮೆಣಸಿನಕಾಯಿ ಹರವಿದ ಬಯಲಿಗೆ ಹೋದಳು. ಕುಂಚಿಗೆ ಬಿಚ್ಚಿ, ಬರಿಮೈ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹಾಸಿದ ಮಾಲಿನ ಅಂಚಿಗೆ ಕೂತಳು. ಕೂಸು ಕಣ್ಣು ಕಿವುಚಿಕೊಂಡು ಸೀನಿತು. ಆಮೇಲೆ, ದೇವರಾಣೆಗೂ, ಕಾಲು ಝಾಡಿಸಿತು. ಅಷ್ಟರಲ್ಲಿ ಕಾವಲಿನ ಡಾಕಪ್ಪ ಕೋಲು ತಿರುಗಿಸುತ್ತ ಬಂದ. "ಏಯ್ ಮಂಗಳವ್ವಾ, ಏಳು ಏಳು. ಮಾಲಿನ ಮ್ಯಾಲೆ ಕೂಸು ಉಚ್ಚಿ ಹೊಯ್ದ್ರ ಸಾವಕಾರಗ ಏನಂತ ಹೇಳ್ಲಿ?" "ಬಿಸಲ ತೋರಿಸಾಕ ಬಂದೇನೋ ಯಪ್ಪಾ, ಡಾಕ್ಟರ ಹೇಳ್ಯಾರ. ಅರ್ಧಾ ತಾಸು." "ಬಿಸಲ ಎಲ್ಲಾ ಕಡೆ ಐತಿ, ಇಲ್ಲೇ ಬೇಕೇನು? ನಾಯಿ ಬಂದ್ರ ಓಡಸ್ತೇನಿ, ನಿನ್ನನ್ನ ಕುಂದರಿಸಿಕೊಂಡ್ರ ನನ್ನ ಓಡಸ್ತಾರ." ಡಾಕಪ್ಪ ಕೆಟ್ಟವನಲ್ಲ. ಅವನ ಸ್ವಂತ ಮಗಳು ಇವಳ ಸಾಲಿನಲ್ಲೇ ಕೂತು ತೊಟ್ಟು ಬಿಡಿಸುತ್ತಿದ್ದಳು. ಅವಳು ಎದ್ದಳು. ಎಲ್ಲ ಕಡೆ ಇರುವ ಬಿಸಿಲಿನಲ್ಲಿ ಎಲ್ಲ ಕಡೆ ಮಾಲು ಹಾಸಿತ್ತು. ಮರುದಿನದಿಂದ ಹೋಗಲಿಲ್ಲ. ಹನಿ ಇದೆಯಲ್ಲ ಎಂದುಕೊಂಡಳು. ಬಾಟಲಿಯೊಳಗೆ ಬಿಸಿಲನ್ನೇ ಹಿಂಡಿ ತುಂಬಿದ್ದಾರೆ ಎಂದು ನೀಲಾ ಹೇಳಿದ್ದಳಲ್ಲ.

ನೀಲಾ ವಾರಕ್ಕೊಮ್ಮೆ ಬರುತ್ತಿದ್ದಳು. ರಾಣೆಬೆನ್ನೂರಿನ ಆಚೆ, ಹಲಗೇರಿಯ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ. ಪರದೆಯ ಮನೆಯೊಳಗೆ ಮುಂಜಾನೆ ಹೂವಿಗೆ ಹೂವಿನ ಪುಡಿ ಮುಟ್ಟಿಸಬೇಕು. ಹೊತ್ತು ತಪ್ಪಿದರೆ ಹೂವು ಕೆಡುತ್ತದೆ, ಅದಕ್ಕಾಗಿ ಹೆಣ್ಣುಮಕ್ಕಳು ಅಲ್ಲೇ ಇರಬೇಕು. ಎದೆಯ ಹಾಲು ಬತ್ತಿದ ಮೇಲೆ ಅವಳು ಹೋಗಿದ್ದಳು. ಅಗಡಿಯ ಗಂಡನ ಮನೆಯವರು ಕೂಸು ಗುಣವಾದ ಮೇಲೆ ಕರೆದುಕೊಂಡು ಬಾ, ರೋಗದ ಕೂಸನ್ನು ಹೊಸ್ತಿಲೊಳಗೆ ತರಬೇಡ ಎಂದು ಬಾಯಿಬಿಟ್ಟೇ ಹೇಳಿದ್ದರು. ರವಿವಾರ ಬಂದವಳು ಕೈ ತೊಳೆದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ತಾನೇ ಹನಿ ಹಾಕಿ, ಅದು ತುಟಿ ಚಪ್ಪರಿಸುವುದನ್ನು ನೋಡಿ ನಗುತ್ತಿದ್ದಳು. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಇಳಿದಿದೆ ನೋಡುತ್ತಿದ್ದಳು. ಪ್ರತಿ ರವಿವಾರವೂ ಸರಿಯಾಗಿ ಇಳಿದಿರುತ್ತಿತ್ತು.

ಮೊದಲ ವಾರ ಮಂಗಳವ್ವ ಹಾಕಿದ್ದಳು. ಖರೇನ ಹಾಕಿದ್ದಳು. ಶೆಡ್ಡಿನಿಂದ ಬಂದು, ಸಾಬೂನು ಹಚ್ಚಿ, ಕೊಬ್ಬರಿ ಎಣ್ಣೆ ತಿಕ್ಕಿ, ಮಜ್ಜಿಗೆಯಲ್ಲಿ ಅದ್ದಿ, ಮತ್ತೆ ಸಾಬೂನು ಹಚ್ಚಿ. ಎಂಟನೆಯ ದಿನ ಹನಿ ತುಟಿಯಂಚಿನಿಂದ ಗದ್ದಕ್ಕೆ ಜಾರಿತು. ಒಂದು ಹನಿಯೂ ಹಾಳಾಗಬಾರದೆಂದು ಅವಳು ಅದನ್ನು ಬೆರಳಿನಿಂದ ಒರೆಸಿ ಬಾಯೊಳಗೆ ಇಟ್ಟಳು. ಅಷ್ಟೇ. ಬರಿ ಅಷ್ಟೇ. ಉಗುರಿನ ಸಂದಿಯಲ್ಲಿ ಮೂವತ್ತೇಳು ವರ್ಷದ ಖಾರ ಕೂತಿದೆ ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಕೂಸು ಚೀರಿತು, ಚೀರಿದ್ದು ಅರ್ಧಕ್ಕೆ ನಿಂತಿತು. ತುಟಿ ಕೆಂಪಾಗಿ, ಕೆಂಪು ನೀಲಿಯಾಗಿ, ಕಣ್ಣು ನೆಟ್ಟುಕೊಂಡವು. ಎಷ್ಟು ಹೊತ್ತೋ. ಹೊಳಿಯವ್ವನನ್ನು ಕೂಗಲು ಬಾಯಿ ತೆರೆದಳು, ಕೂಗಲಿಲ್ಲ. ಶೆಡ್ಡಿನಲ್ಲಿ ಅವಳ ಕೈ ಚೊಕ್ಕ ಕೈ ಎಂದು ಹೆಸರಾಗಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲ ನೀರು ಎರೆಯಲು ಅವಳನ್ನೇ ಕರೆಯುತ್ತಿದ್ದರು. ಕೂಸಿಗೆ ಖಾರ ತಿನ್ನಿಸಿದಳು ಮಂಗಳಿ ಎಂಬ ಮಾತು ಸಂಜೆಗೆಲ್ಲ ಓಣಿ ತಿರುಗಿ ರವಿವಾರಕ್ಕೆ ನೀಲಾಳ ಕಿವಿ ಮುಟ್ಟುತ್ತಿತ್ತು. ಕೂಸು ಉಸಿರೆಳೆಯಿತು. ಅವಳೂ ಎಳೆದಳು. ಮರುದಿನ ಬಾಟಲಿ ಕೈಗೆತ್ತಿಕೊಂಡಾಗ ಕೂಸು ಅವಳ ಕೈ ಕಂಡು ಮುಖ ಹೊರಳಿಸಿತು. ನಾಳೆ ಹಾಕಿದರಾಯಿತು ಎಂದು, ಡ್ರಾಪರಿನಲ್ಲಿ ಗೆರೆಯವರೆಗೆ ಎಳೆದದ್ದನ್ನು ಬಚ್ಚಲಕಲ್ಲಿನ ಮೇಲೆ ಬಿಟ್ಟಳು. ಬಾಟಲಿ ಇಳಿಯಬೇಕಲ್ಲ. ನಾಳೆಯೂ ಹಾಗೇ. ಎರಡು ಕೈ ದೂರದ ಹೊಳಿಯವ್ವನಿಗೋ ಪಕ್ಕದ ಮನೆಯ ಅಫ್ರೀನಳಿಗೋ ಒಂದು ಮಾತು, ಸ್ವಲ್ಪ ಹಾಕವಾ, ಎಂದಿದ್ದರೆ ಸಾಕಿತ್ತು. ಯಾಕೆ, ನಿನ್ನ ಕೈಗೇನಾಗಿದೆ ಎಂದು ಅವರು ಕೇಳುತ್ತಿದ್ದರು. ಬೇರೆ ಯಾವ ಅಡ್ಡಿಯೂ ಇರಲಿಲ್ಲ. ಬಚ್ಚಲಕಲ್ಲಿನ ಮೂಲೆಗೆ ಇರುವೆಗಳು ಹತ್ತತೊಡಗಿದವು. ಸಿಹಿ ಇರುತ್ತದಂತೆ ಆ ಔಷಧ. ದಿನ ಹೋದಂತೆ ಅವು ಸಾಲುಗಟ್ಟಿ, ಅವಳು ಬರುವ ಹೊತ್ತಿಗೆ ಮೊದಲೇ ಬಂದು ಕಾಯತೊಡಗಿದವು.

ಹಾವೇರಿಯಲ್ಲಿ ಇಳಿದು, ದವಾಖಾನೆಯ ಬೆಂಚಿನ ಮೇಲೆ ಕೂತು, ಹೆಸರು ಕರೆಯುವವರೆಗೆ ಅವಳು ಆ ವಾಕ್ಯವನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದಳು. ಒಳಗೆ ಹೋದಾಗ ಮೊದಲು ರಕ್ತ ತೆಗೆಯಬೇಕೆಂದರು. ಸಿಸ್ಟರು ಕೂಸಿನ ಕೈಗೆ ರಬ್ಬರು ಕಟ್ಟಿ ಚುಚ್ಚಿದಳು, ನರ ಸಿಗಲಿಲ್ಲ. ಇನ್ನೊಂದು ಕೈ. ಸಿಗಲಿಲ್ಲ. "ಕಾಲು ಗಟ್ಟಿ ಹಿಡೀರಿ ಅಜ್ಜಿ." ಮಂಗಳವ್ವ ಸೆರಗನ್ನು ಅಂಗೈಗೆ ಸುತ್ತಿಕೊಂಡು ಕಾಲು ಹಿಡಿದಳು. "ಅದೇನು ಅರಿವಿ, ಜಾರ್ತೈತಿ, ಬರಿಗೈಲೆ ಹಿಡೀರಿ." ಬರಿಗೈಯಲ್ಲಿ ಹಿಡಿದಳು. ಕೂಸಿನ ಅಳು ಮೊದಲೇ ಸಣ್ಣದು. ಅದು ಇನ್ನೂ ಸಣ್ಣದಾಗಿ, ತೂತಿನಿಂದ ಗಾಳಿ ಹೋದಂತೆ ಕೇಳಿಸಿತು. ಡಾಕ್ಟರು ಕೆಮ್ಮುತ್ತ ಎದ್ದು ಬಂದು "ಬಿಡ್ರಿ ಸಿಸ್ಟರ್, ನೀಲಿ ಆಗಾಕತ್ತೇತಿ" ಎಂದರು. ಆಮೇಲೆ ಕತ್ತಲೆ ಕೋಣೆಯಲ್ಲಿ ಎದೆಗೆ ಲೋಳೆ ಹಚ್ಚಿ, ಎಕೋ ಯಂತ್ರದ ಮೂತಿ ಒತ್ತಿ, ಬಹಳ ಹೊತ್ತು ಪರದೆ ನೋಡಿದರು. ಪರದೆಯ ಮೇಲೆ ಬೂದುಬಣ್ಣದ ಏನೋ ಒಂದು, ಮುಚ್ಚಬೇಕೆಂದು ಹೊರಟು ಮುಚ್ಚಲಾರದೆ, ಮತ್ತೆ ಅದೇ ಅಗಲಕ್ಕೆ ತೆರೆದುಕೊಳ್ಳುತ್ತಿತ್ತು. ಮಂಗಳವ್ವನಿಗೆ ಓದು ಬರದಿದ್ದರೂ ಅದನ್ನು ಓದಲು ಬಂತು.

"ಹನಿ ದಿನಾ ಹಾಕೀರಿ?"

ಅವಳು ಬಾಯಿ ತೆರೆದಳು. ಹೊರಗೆ ಬೆಂಚಿನ ಮೇಲೆ ಜನ ಕೂತಿದ್ದರು, ಬಾಗಿಲು ಅರ್ಧ ತೆರೆದಿತ್ತು.

"ಹಾಕೇನ್ರಿ."

"ಒಂದ ದಿನಾನೂ ತಪ್ಪಸಿಲ್ಲ? ಖರೇ ಹೇಳ್ರಿ ಮತ್ತ. ತಪ್ಪಿಸಿದ್ರ ಬಯ್ಯೂದಿಲ್ಲ, ಆದ್ರ ನನಗ ಗೊತ್ತಾಗಬೇಕು. ರಕ್ತಾ ತಗೊಂಡಿದ್ರ ಅದ ಹೇಳ್ತಿತ್ತು, ಈಗ ನೀವ ಹೇಳಬೇಕು."

"ತಪ್ಪಸಿಲ್ರಿ ಸಾಹೇಬ್ರ."

ಡಾಕ್ಟರು ಯಂತ್ರದ ಮೂತಿಯನ್ನು ಒರೆಸಿ ಇಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗಿಂತ ಕೆಟ್ಟದ್ದೊಂದು, ಮರ್ಯಾದೆ, ಇತ್ತು. "ಮತ್ತ ಚುಚ್ಚೂದು ಬ್ಯಾಡ ಬಿಡ್ರಿ ಸಿಸ್ಟರ್. ಅಜ್ಜಿ ಹಾಕೇನಿ ಅಂದ್ರ ಹಾಕ್ಯಾಳ. ಓದಿದವರು ತಪ್ಪಸ್ತಾರ, ಇಂಥಾ ಅಜ್ಜೇರು ತಪ್ಪಸೂದಿಲ್ಲ." ಅವಳ ಕಡೆ ತಿರುಗಿದರು. "ಹೋದ ಸಲ ನಾ ನಿಮಗ ಬಿರುಸು ಮಾತಾಡಿದ್ದೆ. ಮನಸಿಗೆ ಹಚ್ಚಿಕೋಬ್ಯಾಡ್ರಿ. ನೀವು ಮಾಡೂದೆಲ್ಲಾ ಮಾಡೀರಿ." ಮೂವತ್ತೇಳು ವರ್ಷದಲ್ಲಿ ಕುರ್ಚಿಯ ಮೇಲೆ ಕೂತ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಆ ಮಾತು ಎದೆಗೆ ಬಿದ್ದಾಗ ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಹಿತವೆನಿಸಿತು. ತಾನು ನಿಜವಾಗಿಯೂ ತಪ್ಪದೆ ಹಾಕಿದ ಅಜ್ಜಿಯೇ ಎನಿಸಿತು. ಡಾಕ್ಟರು ಚೀಟಿ ಎಳೆದುಕೊಂಡರು. "ಇನ್ನ ಈ ಹನಿದು ಕೆಲಸ ಇಲ್ಲ. ಇಷ್ಟು ದೊಡ್ಡ ಡೋಸು ಸುಮ್ಮನ ನಡಿಸಿದ್ರ ಕಿಡ್ನಿಗೆ ತ್ರಾಸು. ಬಂದ್ ಮಾಡೋಣು. ಇದು ವಿಟಮಿನ್ನಿಂದ ಆದದ್ದಲ್ಲ, ಸ್ನಾಯುನ ಹಂಗ. ಮುಂದಿನ ವಾರ ಮಗಳನ್ನ ಕರಕೊಂಡು ಬರ್ರಿ, ಆಕಿಗೆ ನಾನ ಹೇಳ್ತೇನಿ." ಹನಿಯ ಹೆಸರಿನ ಮೇಲೆ ಅಡ್ಡ ಗೆರೆ ಎಳೆದರು. ಪೆನ್ನು ಸರಿಯಾಗಿ ಮೂಡಲಿಲ್ಲವೆಂದು ಇನ್ನೊಂದು ಸಲ ಎಳೆದರು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಟ್ಟು ಬಾಗಿಲಿಗೆ ಹೋದಳು. ಒಳಗೆ ಬೇರೊಬ್ಬ ತಾಯಿ ಕೂತಾಗಿತ್ತು. ಡಾಕ್ಟರು ತಲೆಯೆತ್ತಿ, ಆ ಹೊಸ ಮರ್ಯಾದೆಯಿಂದಲೇ, "ಏನಜ್ಜಿ, ಏನಾರ ಮರತ್ರಿ?" ಎಂದರು. ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಎಂಥ ಸಣ್ಣ ವಾಕ್ಯ. ಅದನ್ನು ಹೇಳಿದರೆ ಗೆರೆ ಅಳಿಸುತ್ತದೆ, ಹನಿ ಮತ್ತೆ ಶುರುವಾಗುತ್ತದೆ, ಇನ್ನೂ ಮೂರು ತಿಂಗಳು ಸಿಗುತ್ತದೆ, ಆ ಬೂದು ಚೀಲ ಮುಚ್ಚುವುದನ್ನು ಕಲಿತರೂ ಕಲಿಯಬಹುದು. ಹೇಳಿದರೆ ನೀಲಾ ಅವಳನ್ನು ಮತ್ತೆಂದೂ ಅವ್ವಾ ಎನ್ನುವುದಿಲ್ಲ. "ಇದಕ್ಕ ನೀರು... ನೀರು ಎಷ್ಟು ಕುಡಸ್ಬೇಕ್ರಿ?" ಎಂದು ಕೇಳಿದಳು. "ಹಾಲಿನ ಜೋಡಿ ಏನು ಕುಡಿತೈತೋ ಅಷ್ಟು" ಎಂದರು. ತಲೆಯಾಡಿಸಿ, ಬಹಳ ಮುಖ್ಯವಾದದ್ದು ತಿಳಿದುಕೊಂಡವಳಂತೆ, ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ನೀಲಾಳ ಫೋನು ಬಂತು. ಹೂವಿನ ಹೊತ್ತು ಮುಗಿಸಿ ಮಾಡುತ್ತಿದ್ದಳು. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು. "ಏನಂದ್ರಬೇ? ಲಗೂ ಹೇಳು, ನನ್ನ ಜೀವ ಬಾಯಿಗೆ ಬಂದೈತಿ." ಮಂಗಳವ್ವ ಕೂಸಿನ ಮುಖ ನೋಡುತ್ತ, ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ, ಕೊನೆಯಲ್ಲಿ ಆದದ್ದನ್ನು ಮೊದಲು ಹೇಳಿದಳು. "ಹನಿ ಬಂದ್ ಮಾಡಂದ್ರವಾ." ಆ ಕಡೆ ನೀಲಾ ಚೀರಿದಳು. ಮಂಗಳವ್ವನಿಗೆ ಅದು ಅಳುವೆಂದೇ ಅನಿಸಿತು. "ಬಂದ್ ಮಾಡಂದ್ರ? ಯವ್ವಾ! ಅಂದ್ರ ಸಾಕಾತು, ಗುಣ ಆತು! ಏಯ್ ಕೇಳ್ರೇ, ನನ್ನ ಕೂಸಿಗೆ ಔಷಧ ಬಂದ್ ಮಾಡ್ಯಾರ!" ಹಿಂದೆ ಹೆಂಗಸರು ಏನೋ ಕೂಗಿದರು, ಯಾರೋ ಪೇಢಾ ತಾರೇ ಎಂದರು. "ಹಂಗಲ್ಲ ನೀಲಾ..." "ನಾ ಬರ್ತೇನಿ ತಡಿ. ಮಧ್ಯಾಹ್ನದ ಮ್ಯಾಲಿಂದು ಬಿಡ್ತಾರ, ಕೇಳ್ತೇನಿ. ಅಗಡಿಗೆ ನಾನ ಫೋನ್ ಮಾಡಿ ಹೇಳ್ತೇನಿ. ಹೇಳ್ಲಿಬೇ? ಅಂತಾರ್ನೋಡು ಈಗ ಕೂಸು ತಗೊಂಡು ಬಾ ಅಂತ." ಹೇಳಲಿಯೇ ಎಂದು ಅವಳು ಕೇಳಿದ್ದಳು. ಅದಕ್ಕೆ ಬೇಡ ಎಂಬ ಎರಡಕ್ಷರ ಸಾಕಿತ್ತು. ಬ್ಯಾಡಗಿ ಬಸ್ಸು ಬಂದು ನಿಂತಿತು. "ಹೂಂ" ಎಂದಳು ಮಂಗಳವ್ವ, ಬಸ್ಸಿಗೋ ಮಗಳಿಗೋ ಅವಳಿಗೇ ತಿಳಿಯಲಿಲ್ಲ, ಮತ್ತು ಫೋನು ಕಟ್ಟಾಯಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಗೋಡೆಯ ಗೂಡಿನಲ್ಲಿ ಬಾಟಲಿ ಇತ್ತು. ಈ ತಿಂಗಳು ತಂದದ್ದು, ಕಾಲು ಭಾಗ ಉಳಿದಿತ್ತು. ಗೆರೆ ಎಳೆದವರು ಅವರು. ಹಾಕಲು ನನಗೇನು ಅಡ್ಡಿ? ಇವತ್ತಿನಿಂದ ಹಾಕುತ್ತೇನೆ, ಯಾರಿಗೂ ಹೇಳದೆ ಹಾಕುತ್ತೇನೆ, ಹೇಳದೆ ಬಿಟ್ಟದ್ದನ್ನು ಹೇಳದೆಯೇ ಶುರುಮಾಡುತ್ತೇನೆ. ಅಂಗಡಿಯವನು ಚೀಟಿ ಇಲ್ಲದೆ ಕೊಡದಿದ್ದರೆ ಇನ್ನೊಂದು ಅಂಗಡಿ. ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಇಷ್ಟು ದಿನ ಎಲ್ಲಿತ್ತು ಇದು ಎಂದು ಗಾಬರಿಯಾಯಿತು. ಸಾಬೂನು, ಎಣ್ಣೆ, ಮಜ್ಜಿಗೆ, ಮತ್ತೆ ಸಾಬೂನು. ಉಗುರುಗಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬುಡದ ಚರ್ಮ ಸುಲಿಯಿತು. ಸುಲಿದಲ್ಲಿ ಅವಳ ಖಾರ ಅವಳಿಗೇ ಉರಿಯಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಡ್ರಾಪರನ್ನು ಗೆರೆಯವರೆಗೆ ಎಳೆದು, ಬೆರಳು ಎಲ್ಲಿಯೂ ತಾಗದಂತೆ ದೂರದಿಂದ ತುಟಿಯ ಹತ್ತಿರ ಹಿಡಿದಳು. "ಬಾಯಿ ತಗೀ ನನ್ನವ್ವಾ. ಸೀ ಐತಿ. ತಗೀ." ಶ್ರೀದೇವಿ ಅವಳ ಮುಖ ನೋಡಲಿಲ್ಲ. ಕೈಯನ್ನೇ ನೋಡಿತು. ಹಾಲು ಕುಡಿಯಲು ತ್ರಾಣವಿಲ್ಲದ ಕೂಸು, ಅಳಲು ಉಸಿರಿಲ್ಲದ ಕೂಸು, ಇದ್ದಬದ್ದ ಬಲವನ್ನೆಲ್ಲ ಎರಡು ತುಟಿಗೆ ತಂದು ಬಾಯಿ ಬಿಗಿಹಿಡಿಯಿತು. ಹನಿ ತುಟಿಯ ಮೇಲೆ ಕೂತು, ಗದ್ದಕ್ಕೆ ಇಳಿದು, ಕೊರಳ ಸಂದಿಗೆ ಹೋಯಿತು. ಅವಳು ಒರೆಸಲಿಲ್ಲ. ಇನ್ನೊಂದು ಹನಿ. ಅದೂ ಅಲ್ಲೇ. ಮೂರನೆಯದಕ್ಕೆ ಎಳೆಯುತ್ತಿದ್ದಾಗ ಬಾಗಿಲು ತಳ್ಳಿಕೊಂಡು ನೀಲಾ ಬಂದಳು.

"ನನ್ನ ಬಂಗಾರಾ!" ಆ ದನಿಗೆ ಕೂಸಿನ ಬಾಯಿ ತಾನಾಗಿ ತೆರೆಯಿತು. ನೀಲಾ ಅದನ್ನು ಎತ್ತಿಕೊಂಡು ಎದೆಗೊತ್ತಿ, ಕೊರಳ ಸಂದಿಯಲ್ಲಿ ಮೂಗಿಟ್ಟು, "ಇದೇನಬೇ, ಬಂದ್ ಮಾಡ್ಯಾರ ಅಂದಿ, ಮತ್ತ ಹಾಕಾಕತ್ತೀ?" ಎಂದು ನಕ್ಕಳು. "ರೂಢಿ ಬಿದ್ದೈತಿ ಕೈಗೆ, ಹೌದಿಲ್ಲ? ಕೊಡಿಲ್ಲೆ. ಅಫ್ರೀನಕ್ಕನ ಕೂಸಿಗೆ ಆಗ್ತೈತಿ, ಆಕೀನೂ ದಿನ ತುಂಬೂತನಾ ಶೆಡ್ಡಿನ್ಯಾಗ ಇದ್ದಾಕಿ." ಬಾಟಲಿಯ ಮುಚ್ಚಳ ತಿರುಗಿಸಿ, ಗೋಡೆಯಾಚೆಗೆ ಕೂಗಿ, ಅಫ್ರೀನಳ ಚಾಚಿದ ಕೈಗೆ ಕೊಟ್ಟು ಬಂದಳು. ಮಂಗಳವ್ವ ಕೂತಲ್ಲೇ ಇದ್ದಳು. ಮಗಳ ಮುಖದಲ್ಲಿ ಮೂರು ತಿಂಗಳಿಂದ ಕಾಣದ ಬಣ್ಣ ಬಂದಿತ್ತು. ಬಂದವಳು ಎದುರಿಗೆ ಕೂತು, ಕೂಸನ್ನು ಒಂದು ತೊಡೆಗೆ ಸರಿಸಿ, ಅವ್ವನ ಎರಡೂ ಕೈ ಹಿಡಿದುಕೊಂಡಳು. "ಎಷ್ಟು ತೊಳದೀಬೇ, ತೊಗಲು ಸುಲದೈತಿ. ದಿನಾ ಹಿಂಗ ತೊಳಕೊಂಡ ಹಾಕೀಯಲ್ಲ." "ನೀಲಾ, ತಡಿ," ಎಂದಳು ಮಂಗಳವ್ವ. ನೀಲಾ ತಡೆಯಲಿಲ್ಲ. ಆ ಕೈಗಳನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು, ದೇವರ ಪಾದಕ್ಕೆ ಒತ್ತಿಕೊಳ್ಳುವಂತೆ.

"ಅಯ್ಯಯ್ಯೋ! ಉರೀ, ಉರೀ! ಯವ್ವಾ, ಇನ್ನೂ ಐತಲ್ಲಬೇ ಖಾರ!" ನಗುತ್ತ, ಕೂಗುತ್ತ, ಕೂಸನ್ನು ಅವ್ವನ ಮಡಿಲಿಗೆ ಹಾಕಿ, ಕಣ್ಣು ಮುಚ್ಚಿಕೊಂಡೇ ಗೋಡೆ ತಡವುತ್ತ ಬಚ್ಚಲಿಗೆ ಓಡಿದಳು. ನೀರು ಎರಚಿಕೊಳ್ಳುವ ಸಪ್ಪಳ ಬಂತು. ಮೂಗು ಎಳೆದುಕೊಂಡಳು, ಮತ್ತೆ ನಕ್ಕಳು, ಮತ್ತೆ ನೀರು. ಆಮೇಲೆ ಸಪ್ಪಳ ನಿಂತಿತು. ಮಂಗಳವ್ವ ಕೂಸಿನ ಎದೆಯ ಗುಳಿಯನ್ನು ನೋಡುತ್ತಿದ್ದಳು. ಬಿತ್ತು. ಎದ್ದಿತು. ಬಿತ್ತು.

"ಅವ್ವಾ," ನೀಲಾ ಬಚ್ಚಲಿನಿಂದಲೇ ಕೇಳಿದಳು, ಉರಿಯುವ ಕಣ್ಣನ್ನು ಅರೆಬರೆ ತೆರೆದು. "ಇಲ್ಲೆ ಕಲ್ಲಿನ ಮ್ಯಾಲೆ ಇಷ್ಟ್ಯಾಕ ಇರಿವಿ ಹತ್ಯಾವು?"

ಓಣಿಯಲ್ಲಿ ಮಾಲು ತುಂಬಿದ ಗಾಡಿಯೊಂದು ದಾಟಿತು. ಅದು ದಾಟುವವರೆಗೆ ಹೇಳಲು ಹೊತ್ತಿತ್ತು.

"ಬೆಲ್ಲದ ನೀರು ಚೆಲ್ಲಿತ್ತವಾ," ಎಂದಳು ಮಂಗಳವ್ವ.

"ಅಷ್ಟನ," ಎಂದಳು ನೀಲಾ. ಒಂದು ತಂಬಿಗೆ ನೀರು ತುಂಬಿ, ಕಲ್ಲಿನ ಮೂಲೆಗೆ ಸುರಿದಳು. ಸಾಲದೆಂದು ಇನ್ನೊಂದು ತಂಬಿಗೆ ಸುರಿದಳು.